ನಿಲ್ಲಿಸುವಾಗ ಎಂಜಿನ್ ಆಫ್ ಆಗುವ ದೋಷ: ಕಾರಣ ಮತ್ತು ಪರಿಹಾರ

ನಮ್ಮ ಸದಸ್ಯರಲ್ಲಿ ಅನೇಕರ ಮನೆಯಲ್ಲಿ ಹಳೆಯ ಪೆಟ್ರೋಲ್ ಕಾರೋ ವ್ಯಾನೋ ಇದೆ. ಓಡುವಾಗ ಸರಿಯಾಗಿಯೇ ಓಡುವ ಗಾಡಿ, ತೋಟದ ಗೇಟಿನ ಮುಂದೆಯೋ ಪೇಟೆಯ ತಿರುವಿನಲ್ಲೋ ನಿಲ್ಲಿಸಲು ಹೋದಾಗ ಆಫ್ ಆಗಿಬಿಡುತ್ತದೆ ಎಂಬುದು ಪದೇ ಪದೇ ಕೇಳುವ ದೂರು. ಸಮತಟ್ಟು ರಸ್ತೆಯಲ್ಲಿ ಇದು ಕಿರಿಕಿರಿ ಮಾತ್ರ, ಘಾಟಿಯಲ್ಲಿ ಅಪಾಯ. ಏಕೆಂದರೆ ಇಂತಹ ಗಾಡಿಗಳಲ್ಲಿ ಬ್ರೇಕ್ ಬೂಸ್ಟರಿಗೆ ಬಲ ಬರುವುದು ಎಂಜಿನ್ ಗಾಳಿಯನ್ನು ಹೀರುವುದರಿಂದ. ಎಂಜಿನ್ ನಿಂತ ಮೇಲೆ ಬೂಸ್ಟರಿನಲ್ಲಿ ಉಳಿದ ಬಲ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಮುಗಿದು, ಪೆಡಲ್ ಕಲ್ಲಿನಂತಾಗುತ್ತದೆ.

ನನ್ನ ವ್ಯಾನು ಚಾರ್ಮಾಡಿ ಘಾಟಿಯ ತಿರುವೊಂದರಲ್ಲಿ ಹೀಗೆಯೇ ನಿಂತಿತು. ಅದಕ್ಕೆ ಮೊದಲು ವರ್ಕ್‌ಶಾಪಿನಲ್ಲಿ ಪ್ಲಗ್, ಪೆಟ್ರೋಲ್ ಪಂಪು ಎರಡನ್ನೂ ಬದಲಾಯಿಸಿ ಹಣ ಕೊಟ್ಟಾಗಿತ್ತು. ನಿಜವಾದ ದೋಷ ಬೂಸ್ಟರಿನೊಳಗಿನ ರಬ್ಬರ್ ಪರದೆ ಹರಿದದ್ದು. ರೋಗ ಗುರುತಿಸದೆ ಮದ್ದು ಮಾಡಿದರೆ, ಹಳದಿ ಎಲೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದಷ್ಟೇ ಫಲ.

ಮೂಲ ಕಾರಣ

ಆ್ಯಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಗಾಳಿಯ ದಾರಿಯ ಮುಚ್ಚಳ ಬಹುಪಾಲು ಮುಚ್ಚಿಕೊಳ್ಳುತ್ತದೆ. ಆಗ ಎಂಜಿನ್ ಬದುಕಿರುವುದು ಒಂದು ಸಣ್ಣ ದಾರಿಯಲ್ಲಿ ಬರುವ ಅಲ್ಪ ಗಾಳಿ ಮತ್ತು ಅಲ್ಪ ಪೆಟ್ರೋಲಿನಿಂದ. ತೂಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ವೇಗದಲ್ಲಿರುವಾಗ ಒಂದಿಷ್ಟು ಗಾಳಿ ಸೋರಿದರೆ ಗೊತ್ತಾಗದು. ಐಡ್ಲಿಂಗ್‌ನಲ್ಲಿ ಅಷ್ಟೇ ಸೋರಿಕೆ ಈ ಪ್ರಮಾಣವನ್ನು ಕೆಡಿಸಿ ಎಂಜಿನ್ನನ್ನು ನಿಲ್ಲಿಸುತ್ತದೆ. ಓಡುವಾಗ ಕಾಣದ ದೋಷ ನಿಲ್ಲಿಸುವಾಗ ಕಾಣುವುದು ಇದಕ್ಕಾಗಿಯೇ.

ಮೂರು ಪರೀಕ್ಷೆಗಳು

ಎಂಜಿನ್ ಬಿಸಿಯಾದ ಮೇಲೆ, ಸಮತಟ್ಟಾದ ಬಯಲು ಜಾಗದಲ್ಲಿ, ಹ್ಯಾಂಡ್ ಬ್ರೇಕ್ ಹಾಕಿ ಮಾಡತಕ್ಕದ್ದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು, ಹೊಗೆಯಲ್ಲಿ ವಿಷಾನಿಲವಿದೆ.

1. ನ್ಯೂಟ್ರಲ್‌ನಲ್ಲಿ ಆ್ಯಕ್ಸಿಲರೇಟರ್ ಒತ್ತಿ ಬಿಡಿ. ಬ್ರೇಕ್ ಮುಟ್ಟಬೇಡಿ. ಎಂಜಿನ್ ಆಫ್ ಆದರೆ ದೋಷ ಐಡ್ಲಿಂಗ್‌ನದು.

2. ಐಡ್ಲಿಂಗ್ ನಿಂತರೆ, ಈಗ ಬ್ರೇಕ್ ಪೆಡಲ್ ತುಳಿದು ಹಿಡಿಯಿರಿ. ಸದ್ದು ತುಸು ಬದಲಾಗುವುದು ಸಹಜ. ಎಂಜಿನ್ ನಡುಗಿ ಆಫ್ ಆದರೆ, ಅಥವಾ ಪೆಡಲಿನ ಬಳಿ ‘ಸ್‌ಸ್’ ಎಂಬ ಸದ್ದು ನಿಲ್ಲದೆ ಬಂದರೆ, ಬೂಸ್ಟರ್ ಸೋರುತ್ತಿದೆ.

3. ಇವೆರಡರಲ್ಲೂ ಆಫ್ ಆಗದಿದ್ದರೆ, ಕ್ಲಚ್ ಪೂರ್ತಿ ತುಳಿದು ಒಂದನೇ ಗೇರ್ ಹಾಕಿ. ಗೇರ್ ಕರಕರ ಎಂದರೆ, ಗಾಡಿ ಮುಂದೆ ಎಳೆದರೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕೇಬಲ್ ಸರಿಪಡಿಸಿದರೆ ಎಷ್ಟೋ ಸಲ ಸಾಕು. ನಿಲ್ಲಿಸುವಾಗ ಕ್ಲಚ್ ತುಳಿಯಲು ತಡಮಾಡುವ ಅಭ್ಯಾಸವೂ ಕಾರಣವಿರಬಹುದು.

ಪರಿಹಾರ

ಐಡ್ಲಿಂಗ್ ದೋಷಕ್ಕೆ ಖರ್ಚಿಲ್ಲದ್ದರಿಂದ ಆರಂಭಿಸಿ. ಎಂಜಿನ್ ಆರಿದ ಮೇಲೆ ಏರ್ ಫಿಲ್ಟರ್ ತೆಗೆದು ನೋಡಿ. ತೋಟದ ರಸ್ತೆಯ ಧೂಳಿಗೆ ಅದು ಬೇಗ ಕಟ್ಟುತ್ತದೆ. ಆಮೇಲೆ ರಬ್ಬರ್ ಕೊಳವೆಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿ. ಬಿರುಕು, ಕಳಚಿದ ತುದಿ, ಶೆಡ್ಡಿನಲ್ಲಿ ಇಲಿ ಕಡಿದ ಗುರುತು ಇದ್ದರೆ ಬದಲಾಯಿಸಿ.

ಕಾರ್ಬ್ಯುರೇಟರ್ ಗಾಡಿಯಾದರೆ ಐಡ್ಲಿಂಗ್ ಜೆಟ್ ಕಟ್ಟಿರುವುದೇ ಹೆಚ್ಚು. ಅದನ್ನು ತೆಗೆದು ಗಾಳಿ ಊದಿ ಸ್ವಚ್ಛ ಮಾಡಬೇಕು. ತಂತಿ ಚುಚ್ಚಿದರೆ ರಂಧ್ರ ದೊಡ್ಡದಾಗಿ ಜೆಟ್ ಕೆಡುತ್ತದೆ. ಜೆಟ್ ಕಟ್ಟಿರುವಾಗ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸುವುದು ದೋಷ ಮುಚ್ಚಿದಂತೆ, ತೆಗೆದಂತಲ್ಲ.

ಎಂಪಿಎಫ್‌ಐ ಗಾಡಿಯಲ್ಲಿ ಥ್ರಾಟಲ್ ಬಾಡಿಗೆ ಕಟ್ಟಿದ ಮಸಿ, ಅಥವಾ ಐಡ್ಲಿಂಗ್ ಗಾಳಿಯನ್ನು ನಿಯಂತ್ರಿಸುವ ವಾಲ್ವ್ ಸಿಕ್ಕಿಕೊಂಡದ್ದು ಸಾಮಾನ್ಯ ಕಾರಣ. ಇದನ್ನು ತಿಳಿದ ಮೆಕ್ಯಾನಿಕನಿಂದ ತೊಳೆಸಿ. ಹೊಸ ಸೆನ್ಸರ್ ಹಾಕಲು ಹೇಳಿದರೆ, ಮೊದಲು ಸ್ಕ್ಯಾನರ್ ಹಾಕಿ ನೋಡಿದಿರಾ ಎಂದು ಕೇಳಿ.

ಬೂಸ್ಟರಿನ ಸಂಶಯವಿದ್ದರೆ ಇನ್ನೊಂದು ಪರೀಕ್ಷೆ. ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ತುಳಿದು, ಕೊನೆಗೆ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಅಥವಾ ಅದರ ಕೊಳವೆ ಕೆಟ್ಟಿದೆ. ಸರಿಪಡಿಸುವ ತನಕ ಘಾಟಿ ಇಳಿಯಬೇಡಿ, ಆಳುಗಳನ್ನೂ ಹತ್ತಿಸಬೇಡಿ.

ಡೀಸೆಲ್ ಜೀಪಿನ ರೀತಿ ಬೇರೆ. ಅಲ್ಲಿ ಮೊದಲು ನೋಡಬೇಕಾದ್ದು ಡೀಸೆಲ್ ಫಿಲ್ಟರ್, ಅದರಲ್ಲಿ ನಿಂತ ನೀರು, ಪೈಪಿನಲ್ಲಿ ಸೇರಿದ ಗಾಳಿ.

ಇಳಿಜಾರಿನಲ್ಲಿ ಆಫ್ ಆದರೆ

ಬ್ರೇಕನ್ನು ಮತ್ತೆ ಮತ್ತೆ ತುಳಿದು ಬಿಡಬೇಡಿ. ಒಮ್ಮೆಲೇ ಬಲವಾಗಿ ಒತ್ತಿ ಹಿಡಿಯಿರಿ. ಗಾಡಿ ಗೇರಿನಲ್ಲೇ ಇರಲಿ. ಹ್ಯಾಂಡ್ ಬ್ರೇಕನ್ನು ನಿಧಾನವಾಗಿ ಎಳೆಯಿರಿ. ಗಾಡಿ ನಿಲ್ಲುವ ಮೊದಲು ಕೀಲಿ ತೆಗೆಯಬಾರದು, ಸ್ಟಿಯರಿಂಗ್ ಲಾಕ್ ಆದೀತು. ನಿಂತ ಮೇಲೆ ಚಕ್ರಕ್ಕೆ ಕಲ್ಲು ಕೊಡಿ.

ವರ್ಕ್‌ಶಾಪಿಗೆ ಹೋಗುವ ಮುನ್ನ ಮೂರು ಪರೀಕ್ಷೆಗಳಲ್ಲಿ ಕಂಡದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ‘ಗಾಡಿ ಆಫ್ ಆಗುತ್ತದೆ’ ಎನ್ನುವುದಕ್ಕಿಂತ ‘ಬ್ರೇಕ್ ತುಳಿದಾಗ ಮಾತ್ರ ಆಫ್ ಆಗುತ್ತದೆ’ ಎಂದರೆ ಮೆಕ್ಯಾನಿಕನಿಗೆ ಅರ್ಧ ಕೆಲಸ ಮುಗಿದಂತೆ. ನಿಮಗೆ ಬೇಡದ ಖರ್ಚು ಉಳಿದಂತೆ.