‘ಎಲ್ಲಿಯಾದರೂ ಸರಿ’ ಅನ್ನಬೇಡಿ, ಊರಿನ ಹೆಸರು ಹೇಳಿ

ಪ್ರಶ್ನೆ: ನಾನು ಧಾರವಾಡದವಳು, ವಯಸ್ಸು 63. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾಗಿದ್ದೇನೆ. ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು. ದೀಪಾವಳಿ ಮುಗಿಸಿಕೊಂಡು ಜೆ.ಪಿ. ನಗರ 7ನೇ ಹಂತದಲ್ಲಿರುವ ಮಗನ ಮನೆಗೆ ಹದಿನೈದು ದಿನ ಬರುವವಳಿದ್ದೇನೆ. ಮಗ, ಸೊಸೆ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ, ಮೊಮ್ಮಗಳು ಐದನೇ ಇಯತ್ತೆ. ಈ ಸಲ ಒಂದೆರಡು ದಿನ ಎಲ್ಲಿಗಾದರೂ ಹೋಗಿಬರೋಣ ಅಂತ ಮಗನೇ ಹೇಳಿದ. ಅವನು ನಂದಿಬೆಟ್ಟ ಅನ್ನುತ್ತಾನೆ, ಸೊಸೆ ಒಂದು ರೆಸಾರ್ಟ್ ನೋಡಿಟ್ಟಿದ್ದಾಳೆ. ನನಗೆ ಸೋಮನಾಥಪುರದ ಗುಡಿ ನೋಡುವ ಆಸೆ. ಮೂವತ್ತು ವರ್ಷ ಹೊಯ್ಸಳರ ಪಾಠ ಮಾಡಿದೆ. ಬೇಲೂರು, ಹಳೇಬೀಡು ಮಕ್ಕಳನ್ನು ಕರೆದುಕೊಂಡು ಹೋದಾಗ ನೋಡಿದ್ದೇನೆ, ಅದೊಂದು ಉಳಿದುಹೋಗಿದೆ. ಹೇಳಿದರೆ ಮಕ್ಕಳಿಗೆ ಭಾರವಾದೀತೆಂದು ‘ಎಲ್ಲಿಯಾದರೂ ಸರಿ’ ಅಂದುಬಿಟ್ಟೆ. ಬನಶಂಕರಿ 2ನೇ ಹಂತದಲ್ಲಿ ನಾದಿನಿ ಇದ್ದಾಳೆ. ಹೋದ ಸಲ ಅವಳ ಮನೆಯಲ್ಲಿ ಒಂದು ರಾತ್ರಿಯೂ ಉಳಿಯಲಿಲ್ಲವೆಂದು ಮುನಿಸಿಕೊಂಡಿದ್ದಾಳೆ. ಇರುವುದೇ ಹದಿನೈದು ದಿನ, ಅದರಲ್ಲಿ ತಿರುಗಾಟಕ್ಕೆ ಹೊರಟರೆ ತಪ್ಪಾಗುತ್ತದೆಯೇ? ಮೊಣಕಾಲು ನೋವು ಬೇರೆ ಇದೆ.

– ಹೆಸರು ಬೇಡ, ಧಾರವಾಡ

ಉತ್ತರ: ಅಕ್ಕೋರೇ, ನಿಮ್ಮ ಕಡೆ ಶಾಲೆಯಲ್ಲಿ ಕಲಿಸುವವರನ್ನು ಹೀಗೇ ಕರೆಯುತ್ತಾರಲ್ಲವೇ, ನಾನೂ ಹಾಗೇ ಕರೆಯುತ್ತೇನೆ. ತಪ್ಪೇನೂ ಇಲ್ಲ, ಹೋಗಿಬನ್ನಿ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ಆ ‘ಎಲ್ಲಿಯಾದರೂ ಸರಿ’ ಅನ್ನುವ ಮಾತು.

ನಾನು ಜಯನಗರದಲ್ಲಿ ಮನೆ ಮಾಡಿದ ಹೊಸತರಲ್ಲಿ ಅಮ್ಮ ವರ್ಷಕ್ಕೊಮ್ಮೆ ತಿಪಟೂರಿನಿಂದ ಬರುತ್ತಿದ್ದರು. ಒಂದು ಸಂಜೆ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಾ, ತಲೆ ಎತ್ತದೆ, ‘ತಲಕಾಡು ಇಲ್ಲಿಂದ ಬಹಳ ದೂರವೇನೇ?’ ಎಂದು ಕೇಳಿದರು. ನಾನು ದೂರ ಹೇಳಿದೆ. ಅವರು ಕೇಳಿದ್ದು ದೂರವನ್ನಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ. ಆ ಭಾನುವಾರ ಎಲ್ಲಿಗೆ ಹೋಗೋಣಮ್ಮ ಎಂದರೆ ‘ನಿಮಗೆ ಅನುಕೂಲ ಆದ ಕಡೆ’ ಅಂದರು. 4ನೇ ಬ್ಲಾಕಿನ ಅಂಗಡಿ ಸುತ್ತಿಸಿ, ಲಾಲ್‌ಬಾಗ್ ತೋರಿಸಿ, ಹೋಟೆಲಿನಲ್ಲಿ ದೋಸೆ ಕೊಡಿಸಿ ಕರೆತಂದೆ. ಅಮ್ಮ ಹೋದ ಮೇಲೆ ನಾನೊಬ್ಬಳೇ ತಲಕಾಡಿಗೆ ಹೋದೆ. ಆ ಮರಳಿನಲ್ಲಿ ಕಾಲು ಹೂತು ನಡೆಯುವಾಗ ಅವರ ಆ ಪ್ರಶ್ನೆಯೊಂದೇ ಕಿವಿಯಲ್ಲಿತ್ತು. ನಿಮ್ಮ ಮಗನಿಗೆ ಇಂಥದ್ದೊಂದು ಕೊರಗನ್ನು ಉಳಿಸಬೇಡಿ. ಮಕ್ಕಳಿಗೆ ನಮ್ಮ ಮನಸ್ಸು ಓದಲು ಬರುವುದಿಲ್ಲ. ಹೆಸರು ಹಿಡಿದು ಹೇಳಿದರೆ ಅವರಿಗೂ ನಿರಾಳ.

ಇನ್ನು ಆಯ್ಕೆಯ ಮಾತು. ಬೆಂಗಳೂರಿನಲ್ಲಿ ಒಂದು ದಿನದ ಪ್ರವಾಸ ಗೊತ್ತುಮಾಡುವಾಗ ಮೊದಲು ನೋಡಬೇಕಾದ್ದು ಮನೆ ಊರಿನ ಯಾವ ದಿಕ್ಕಿನಲ್ಲಿದೆ ಎಂಬುದನ್ನು. ನಂದಿಬೆಟ್ಟ ಇರುವುದು ಉತ್ತರಕ್ಕೆ, ನಿಮ್ಮ ಮಗನ ಮನೆ ತೆಂಕಣ ತುದಿಯಲ್ಲಿ. ಸೂರ್ಯೋದಯ ನೋಡಬೇಕೆಂದರೆ ಮೂರು, ಮೂರೂವರೆಗೆಲ್ಲ ಹೊರಡಬೇಕು. ಹಿಂದೆ ಬರುವಾಗ ಹೆಬ್ಬಾಳದಿಂದ ಜೆ.ಪಿ. ನಗರದವರೆಗೆ ಇಡೀ ಊರನ್ನು ಸೀಳಿಕೊಂಡು ಬರಬೇಕು. ಮೊಣಕಾಲು ಮಡಚಿಕೊಂಡು ಕಾರಿನಲ್ಲಿ ಕೂತಿರುವುದೇ ಒಂದು ಶಿಕ್ಷೆ. ಕನಕಪುರ ರಸ್ತೆಯಾದರೋ ಮಗನ ಮನೆಗೆ ಮಗ್ಗುಲಲ್ಲೇ ಇದೆ. ಬೆಳಿಗ್ಗೆ 6ಕ್ಕೆ ಬಿಟ್ಟರೆ ಊರಿನ ಗದ್ದಲ ಏಳುವ ಮೊದಲೇ ಆಚೆ ಬಿದ್ದಿರುತ್ತೀರಿ. ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ ದಾಟಿ ಬನ್ನೂರಿನ ಕಡೆ ಹೊರಳಿಕೊಂಡರೆ ಸೋಮನಾಥಪುರ. 130 ಕಿಲೋಮೀಟರಿನ ಆಸುಪಾಸು. ನಿಂತು ತಿಂಡಿ ತಿಂದರೂ ಮೂರು, ಮೂರೂವರೆ ಗಂಟೆಯ ದಾರಿ. ರೊಟ್ಟಿ, ಶೇಂಗಾ ಚಟ್ನಿ ನೀವು ಹೇಗೂ ಕಟ್ಟಿಕೊಂಡೇ ಬರುತ್ತೀರಿ, ಹಲಗೂರಿನ ಆಚೆ ಎಲ್ಲಾದರೂ ಮರದ ನೆರಳಿನಲ್ಲಿ ಬಿಚ್ಚಿ.

ಗುಡಿಯ ಕಥೆ ನಿಮಗೇ ಪಾಠ. ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ್ದು, ತ್ರಿಕೂಟ, ಕೇಶವ, ಜನಾರ್ದನ, ವೇಣುಗೋಪಾಲ ಎಂದೆಲ್ಲ ನೀವು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೀರೋ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡಿನ ಜೊತೆ ಇದೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮೂಲ ಕೇಶವಮೂರ್ತಿ ಈಗಿಲ್ಲ, ಪೂಜೆಯೂ ನಡೆಯುವುದಿಲ್ಲ. ಹಾಗಾಗಿ ಸರತಿ ಸಾಲಿಲ್ಲ, ನೂಕುನುಗ್ಗಲಿಲ್ಲ; ನಿಮ್ಮಂಥವರು ಒಂದೊಂದು ಮೂರ್ತಿಯ ಮುಂದೆ ಬೇಕಾದಷ್ಟು ಹೊತ್ತು ನಿಲ್ಲಬಹುದು.

ಪಠ್ಯಪುಸ್ತಕದಲ್ಲಿ ಸಿಗದ ಒಂದು ವಿಷಯ ಹೇಳುತ್ತೇನೆ. ಹೊರಗೋಡೆಯ ಮೂರ್ತಿಗಳನ್ನು ನೋಡುವಾಗ ಕಣ್ಣು ಮುಖದ ಮೇಲೇ ನಿಲ್ಲುತ್ತದೆ. ಒಂದು ಸಲ ಪೀಠದ ಕಡೆ ನೋಡಿ. ಮಲ್ಲಿತಮ್ಮ ಎಂಬ ರೂವಾರಿ ಎಷ್ಟೋ ಮೂರ್ತಿಗಳ ಕೆಳಗೆ ತನ್ನ ಹೆಸರನ್ನು ಕನ್ನಡದಲ್ಲಿ ಕೊರೆದಿದ್ದಾನೆ. ಮೊಮ್ಮಗಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಅಕ್ಷರ ಹುಡುಕಲು ಹೇಳಿ. ಹಳೆಯ ಲಿಪಿ, ಪೂರ್ತಿ ಓದಲಾಗದೆ ಹೋಗಬಹುದು, ಆದರೆ ಒಂದೆರಡು ಅಕ್ಷರ ಗುರುತು ಸಿಕ್ಕಾಗ ಆ ಮಗುವಿನ ಮುಖ ನೋಡಬೇಕು. ಏಳುನೂರು ವರ್ಷಕ್ಕೂ ಹಿಂದಿನ ಒಬ್ಬ ಕೆಲಸಗಾರನ ಕೈಬರಹವನ್ನು ಅಜ್ಜಿಯ ಕಣ್ಣೆದುರು ಓದಿದ ನೆನಪು ಅವಳಿಗೆ ಬೇರೆ ಎಲ್ಲೂ ಸಿಗದು. ಕೆಳಗಿನ ಪಟ್ಟಿಯಲ್ಲಿ ಆನೆಗಳ ಸಾಲು ಇದೆ, ಎಣಿಸುವ ಕೆಲಸವನ್ನೂ ಅವಳಿಗೇ ಕೊಡಿ.

ಮೊಣಕಾಲಿಗೆ ಇಲ್ಲಿ ಹೆದರಬೇಕಿಲ್ಲ. ಶ್ರವಣಬೆಳಗೊಳದ ಹಾಗೆ ಆರುನೂರು ಮೆಟ್ಟಿಲಿಲ್ಲ. ಜಗತಿ ಹತ್ತಲು ಕೆಲವೇ ಮೆಟ್ಟಿಲು, ಆಮೇಲೆ ಸಮತಟ್ಟು. ಬಿಸಿಲು ಮಾತ್ರ ಕಷ್ಟ. ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನದ ಹೊತ್ತಿಗೆ ಕಲ್ಲು ಕಾದ ಹೆಂಚಿನಂತಾಗುತ್ತದೆ. ಆದ್ದರಿಂದಲೇ ಬೆಳಿಗ್ಗೆ ಬೇಗ ಹೊರಡಿ ಎಂದದ್ದು. ಒಂದು ಜೊತೆ ದಪ್ಪ ಕಾಲುಚೀಲ ಚೀಲದಲ್ಲಿರಲಿ. ‘ಅಷ್ಟು ದೂರ ಹೋಗಿ ಒಂದೇ ಗುಡಿಯೇ, ತಲಕಾಡು, ಶಿವನಸಮುದ್ರ, ಶ್ರೀರಂಗಪಟ್ಟಣ ಎಲ್ಲ ಮುಗಿಸೋಣ’ ಎಂದು ಮಗ ಹುರುಪಿನಲ್ಲಿ ಹೇಳಿಯಾನು. ಬೇಡ ಅನ್ನಿ. ನಾಲ್ಕು ಊರು ಮುಟ್ಟಿ ಬಂದವರಿಗೆ ಸಂಜೆ ನೆನಪಿರುವುದು ಕಾರಿನ ಸೀಟು ಮಾತ್ರ.

ಸೊಸೆಯ ವಿಷಯದಲ್ಲಿ ಸ್ವಲ್ಪ ಮನಸ್ಸು ದೊಡ್ಡದು ಮಾಡಿ. ರೆಸಾರ್ಟ್ ಹುಡುಕಿದ ಹುಡುಗಿಗೆ ಬೇಕಾಗಿರುವುದು ಅಡುಗೆಯಿಲ್ಲದ, ಅಲಾರಂ ಇಲ್ಲದ ಒಂದು ದಿನ. ವಾರವಿಡೀ ಬೆಂಗಳೂರಿನ ರಸ್ತೆಯಲ್ಲಿ, ಪರದೆಯ ಮುಂದೆ ದಣಿದವಳು. ಅವಳು ಬರಲೇಬೇಕೆಂದು ಒತ್ತಾಯಿಸಬೇಡಿ. ‘ನೀ ಮನೀಯಾಗ ಆರಾಮ ಮಲಕೋ, ನಾವು ಹೋಗಿ ಬರ್ತೀವಿ’ ಎಂದು ನೀವಾಗಿ ಹೇಳಿದರೆ ಅದು ಅವಳಿಗೆ ಕೊಟ್ಟ ಉಡುಗೊರೆ. ಬಂದರೆ ಸಂತೋಷ, ಬರದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಾದಿನಿಯ ಮುನಿಸು ನ್ಯಾಯವಾದದ್ದೇ. ಅಣ್ಣ ಇಲ್ಲದ ಮೇಲೆ ಆ ಮನೆಯ ಬಳ್ಳಿ ಅವಳ ಪಾಲಿಗೆ ನೀವೇ. ಪ್ರವಾಸದ ಮಾತು ಎತ್ತುವ ಮೊದಲು ಅವಳಿಗೆ ಫೋನ್ ಮಾಡಿ, ಎರಡು ರಾತ್ರಿ ನಿನ್ನ ಮನೆಯಲ್ಲಿ ಎಂದು ಗೊತ್ತುಮಾಡಿ. ನೀವು ಬರುವುದು ಕಾರ್ತಿಕದಲ್ಲಿ. ಕಡೆಯ ಕಾರ್ತಿಕ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಹೊಸ ಬೆಳೆಯನ್ನು ದೊಡ್ಡಬಸವಣ್ಣನಿಗೆ ಒಪ್ಪಿಸುವ ಹಳೆಯ ಜಾತ್ರೆ, ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ನಿಮ್ಮ ಶೇಂಗಾದ ರಾಶಿ. ಬನಶಂಕರಿಯಿಂದ ಹತ್ತಿರ, ಸೋಮವಾರ ಮಗ ಸೊಸೆ ಹೇಗೂ ಕೆಲಸದಲ್ಲಿರುತ್ತಾರೆ. ತಾರೀಖು ನಿಮ್ಮ ಹದಿನೈದು ದಿನದೊಳಗೆ ಬಿದ್ದರೆ ಆ ಸಂಜೆ ನಾದಿನಿಯದು. ಜನ ಏರುವ ಮೊದಲು, ನಾಲ್ಕು ಗಂಟೆಗೇ ಹೋಗಿಬಿಡಿ.

ಕಾರಿನಲ್ಲಿ ಒಂದು ಸೀಟು ಉಳಿದರೆ ಸೋಮನಾಥಪುರಕ್ಕೂ ಅವಳನ್ನೇ ಕರೆಯಿರಿ. ಮಗನಿಗೆ ಬಿಡುವೇ ಆಗದಿದ್ದರೂ ಆಸೆ ಬಿಡಬೇಡಿ. ಇಬ್ಬರು ಹೆಂಗಸರು ಮೈಸೂರು ಬಸ್ಸು ಹಿಡಿದು ಹೋಗಿ, ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ಬನ್ನೂರಿನ ಮೇಲೆ ಗುಡಿಗೆ ಹೋಗಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟಿನ ಖರ್ಚಿಲ್ಲ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿದ್ದರಾಯಿತು.

ಹದಿನೈದರಲ್ಲಿ ಒಂದು ದಿನ ಗುಡಿಗೆ, ಎರಡು ರಾತ್ರಿ ನಾದಿನಿಗೆ, ಉಳಿದದ್ದೆಲ್ಲ ಮೊಮ್ಮಗಳಿಗೆ. ಯಾರ ಪಾಲೂ ಕಡಿಮೆಯಾಗಲಿಲ್ಲ. ಸೊಸೆ ರೆಸಾರ್ಟಿಗೆ ಮುಂಗಡ ಕಟ್ಟುವ ಮೊದಲು, ಇವತ್ತು ರಾತ್ರಿಯೇ, ಮಗನಿಗೆ ಫೋನ್ ಮಾಡಿ ‘ನನಗ ಸೋಮನಾಥಪುರ ನೋಡಬೇಕಾಗೇದಪಾ’ ಅನ್ನಿ. ದೂರ ಎಷ್ಟು ಎಂದು ಕೇಳಬೇಡಿ.