ಕೆಲಸ ಮಕ್ಕಳ ಕೈಗೆ ಕೊಡಿ

ಕರಾವಳಿಯ ಕಥೋಲಿಕ ಪ್ರಾಥಮಿಕ ಶಾಲೆಗಳಿಗೆ ಹೊಸದಾಗಿ ಸೇರಿರುವ ಟೀಚರುಗಳೇ, ನಿಮ್ಮ ಉತ್ಸಾಹ ಕಂಡರೆ ನನಗೆ ಸಂತೋಷವೇ. ಚಟುವಟಿಕೆಯಿಂದ ಕಲಿಸುವುದು ಎಂದರೇನು ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯ ವಿಷಯ ತರಬೇತಿಯಲ್ಲೇ ಓದಿ ಬಂದಿದ್ದೀರಿ. ಆದರೂ ಚಿಕ್ಕ ತರಗತಿಗಳಲ್ಲಿ ಬಹಳ ವರ್ಷ ಕಲಿಸಿದವಳು ನಾನು, ಒಂದು ಮಾತು ಹೇಳಲೇಬೇಕು. ಚಟುವಟಿಕೆ ಮಾಡಬೇಕಾದ್ದು ಮಕ್ಕಳು, ನೀವಲ್ಲ. ತಪಾಸಣೆಗೆ ಬರುವವರು ಮೆಚ್ಚಲಿ ಎಂದು ರಾತ್ರಿಯೆಲ್ಲ ಕೂತು ಥರ್ಮೋಕೋಲ್ ಕತ್ತರಿಸುತ್ತೀರಲ್ಲ, ಅದನ್ನು ಇವತ್ತೇ ಬಿಡಿ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರೆಲ್ಲ ನಿಮ್ಮ ಕೈಗೇ ಮೆತ್ತಿಕೊಂಡರೆ ಮಗುವಿನ ಬಾಯಿಗೆ ಮೊಸರು ಎಲ್ಲಿಂದ ಬರಬೇಕು?

ಇದು ನನ್ನೊಬ್ಬಳ ಮಾತಲ್ಲ. ಡಾಕ್ಟರಾಗಿದ್ದ ಮರಿಯಾ ಮಾಂಟೆಸ್ಸರಿ 1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನವೇ, ರೋಮಿನ ಬಡವರ ಕೇರಿಯೊಂದರಲ್ಲಿ ಮೊದಲ ‘ಮಕ್ಕಳ ಮನೆ’ ತೆರೆದರು. 1939ರಲ್ಲಿ ಮದ್ರಾಸಿಗೆ ಬಂದವರು ಯುದ್ಧದ ವರ್ಷಗಳನ್ನೆಲ್ಲ ನಮ್ಮ ದೇಶದಲ್ಲೇ ಕಳೆದು ಎಷ್ಟೋ ಟೀಚರುಗಳನ್ನು ತಯಾರು ಮಾಡಿದರು. ಮಗು ತಾನೇ ಮಾಡಬಲ್ಲ ಕೆಲಸಕ್ಕೆ ದೊಡ್ಡವರು ಕೈ ಹಾಕಬಾರದು ಎನ್ನುವುದೇ ಅವರ ಪಾಠದ ಬೇರು.

ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಬಿತ್ತುವವನ ಸಾಮತಿಯಿಂದ ಶುರು ಮಾಡಿ. ಐದೈದು ಮಕ್ಕಳ ಗುಂಪಿಗೆ ನಾಲ್ಕು ತೆಂಗಿನ ಗೆರಟೆ ಕೊಡಿ. ಕಣ್ಣಿರುವ ಅರ್ಧವನ್ನೇ ಆರಿಸಿಕೊಳ್ಳಿ. ಮೆತ್ತಗಿನ ಕಣ್ಣನ್ನು ನೀವು ಚುಚ್ಚಿಕೊಟ್ಟರೆ ನೀರು ಬಸಿಯಲು ತೂತಾಯಿತು. ಮಕ್ಕಳ ಕೈಗೆ ಮೊಳೆ ಕೊಡಬೇಡಿ. ಒಂದು ಗೆರಟೆಗೆ ಗಟ್ಟಿಯಾಗಿ ಅದುಮಿದ ದಾರಿಯ ಮಣ್ಣು, ಇನ್ನೊಂದಕ್ಕೆ ಜಲ್ಲಿಯ ಮೇಲೆ ತೆಳ್ಳಗೆ ಹರಡಿದ ಮಣ್ಣು, ಮೂರನೆಯದಕ್ಕೆ ಕಳೆಯ ಸಮೇತ ಕಿತ್ತು ತಂದ ಹೆಂಟೆ, ನಾಲ್ಕನೆಯದಕ್ಕೆ ಗೊಬ್ಬರ ಬೆರೆಸಿದ ಸಡಿಲ ಮಣ್ಣು. ಎಲ್ಲದಕ್ಕೂ ಹತ್ತು ಹತ್ತು ಹೆಸರುಕಾಳು, ಅಷ್ಟಷ್ಟೇ ನೀರು. ಮಳೆ ಹೊಡೆತಕ್ಕೆ ಸಿಗದಂತೆ ಜಗಲಿಯ ಅಂಚಿನಲ್ಲಿಡಿ. ದಿನಾ ಎಣಿಸಲಿ, ಕಾಗದದ ಪಟ್ಟಿಯಿಂದ ಅಳೆದು ಬರೆಯಲಿ.

ಕಥೆಯನ್ನು ಮೊದಲೇ ಹೇಳಿಬಿಡಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ. ಹತ್ತು ದಿನ ಕಳೆಯಲಿ. ಗಟ್ಟಿ ಮಣ್ಣಿನಲ್ಲಿ ಬೇರು ಇಳಿಯದ್ದನ್ನು, ಕಳೆಯ ನಡುವೆ ಮೊಳಕೆ ಸೊರಗಿದ್ದನ್ನು ಅವರೇ ಕಂಡಮೇಲೆ ಯೇಸುಸ್ವಾಮಿ ಹೇಳಿದ ಸಾಮತಿ ಓದಿ. ಆಗ ನೀವು ಅರ್ಥ ಬಿಡಿಸುವ ಮೊದಲೇ ಮಕ್ಕಳು ಬಿಡಿಸುತ್ತಾರೆ. ಒಂದು ಎಚ್ಚರಿಕೆ: ತುಂಟ ಮಗುವನ್ನು ತೋರಿಸಿ “ನೀನು ಕಲ್ಲುನೆಲ” ಎಂದು ಅಪ್ಪಿತಪ್ಪಿಯೂ ಅನ್ನಬೇಡಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬದಲಿಗೆ ಗಟ್ಟಿ ಮಣ್ಣನ್ನು ಸಡಿಲಿಸಿ, ಜಲ್ಲಿ ಹೆಕ್ಕಿ, ಕಳೆ ಕಿತ್ತು ಇನ್ನೊಮ್ಮೆ ಬಿತ್ತಲು ಹೇಳಿ. ಈ ಎರಡನೆಯ ಬಿತ್ತನೆಯನ್ನು ತಪ್ಪಿಸಬೇಡಿ, ದೊಡ್ಡ ಪಾಠ ಇರುವುದೇ ಅದರಲ್ಲಿ.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನವರಿಗೆ ಹೂ ತರುತ್ತಾರೆ. ಆ ಬುಟ್ಟಿಯೇ ನಿಮ್ಮ ಗಣಿತದ ಪುಸ್ತಕ. ಬಣ್ಣದ ಪ್ರಕಾರ ವಿಂಗಡಿಸಲಿ, ಎಸಳು ಎಣಿಸಲಿ: ಕೇಪಳಕ್ಕೆ ನಾಲ್ಕು, ಒಂಟಿ ಎಸಳಿನ ದಾಸವಾಳಕ್ಕೆ ಐದು. ಅರ್ಪಿಸುವ ಹೂವನ್ನು ಕೀಳಿಸಬೇಡಿ, ಉದುರಿದವು ಸಾಕು. ಹಬ್ಬದ ತೆನೆಯಿಂದ ಕಾಳು ಎಣಿಸಲಿ, ಉಗುರಿನಲ್ಲಿ ಸಿಪ್ಪೆ ಬಿಡಿಸಿ ಅಕ್ಕಿ ನೋಡಲಿ. ಹಬ್ಬದ ಊಟದ ಪಲ್ಯಗಳು ಮೂರು, ಐದು, ಏಳು ಎಂದು ಬೆಸ ಸಂಖ್ಯೆಯಲ್ಲಿರುವ ರೂಢಿ ಇದೆಯಲ್ಲ, ಬೆಸ-ಸರಿ ಕಲಿಸಲು ಅದಕ್ಕಿಂತ ರುಚಿಯಾದ ದಾರಿ ಇಲ್ಲ. ತುಳು ಮನೆಗಳಲ್ಲೂ ಹೊಸಕ್ಕಿ ಊಟ ಉಂಟು. ಆ ಮಕ್ಕಳಿಂದಲೂ ಕೇಳಿ ತಿಳಿದುಕೊಳ್ಳಿ.

ಅಕ್ಟೋಬರ್ ಜಪಸರದ ತಿಂಗಳು. ಹತ್ತರ ಗುಂಪಿನಲ್ಲಿ ಎಣಿಸಲು ಜಪಸರದಂಥ ಸಾಧನ ಬೇರೆ ಬೇಕೇ? ಚಿಕ್ಕ ಮಣಿ 53, ದೊಡ್ಡದು 6, ಒಟ್ಟು 59. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಉದ್ದ ಪಟ್ಟಿ ಮಾಡಿ, ಕಡ್ಡಿಗೆ ಸುತ್ತಿ, ಗೋಂದು ಹಚ್ಚಿದರೆ ಚಂದದ ಮಣಿಯಾಗುತ್ತದೆ. ಪೋಣಿಸುತ್ತಾ ಬೆರಳಿಗೆ ಹಿಡಿತ ಬರುತ್ತದೆ, ಅಕ್ಷರವೂ ದುಂಡಗಾಗುತ್ತದೆ. ಆದರೆ ಕೆಂಪಗೆ ಹೊಳೆಯುತ್ತದೆ ಎಂದು ಗುಲಗಂಜಿ ತರಿಸಬೇಡಿ. ಅದು ವಿಷದ ಬೀಜ, ಜಗಿದರೆ ಪ್ರಾಣಕ್ಕೇ ಅಪಾಯ. ಪುಟ್ಟ ಮಕ್ಕಳು ಯಾವ ಮಣಿಯನ್ನಾದರೂ ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತಾರೆ. ಎಣಿಸಿ ಕೊಡಿ, ಎಣಿಸಿ ವಾಪಸು ತೆಗೆದುಕೊಳ್ಳಿ.

ಡಿಸೆಂಬರಿನ ಗೋದಲಿಯಲ್ಲಿ ನೀವು ಮಾಡುವ ತಪ್ಪೇ ಹೆಚ್ಚು. ಅಂಗಡಿಯಿಂದ ಸೆಟ್ ತಂದು, ಮಕ್ಕಳನ್ನು ಹಗ್ಗದಾಚೆ ನಿಲ್ಲಿಸಿ “ಮುಟ್ಟಬೇಡಿ” ಅನ್ನುತ್ತೀರಿ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಗೋದಲಿ ಮಾಡಿದಾಗ ಹುಲ್ಲು ತರಿಸಿದರು, ಜೀವಂತ ಎತ್ತು, ಕತ್ತೆ ನಿಲ್ಲಿಸಿದರು. ಸಾಮಾನ್ಯ ಜನ ಕಣ್ಣಾರೆ ಕಾಣಲಿ ಎನ್ನುವುದೇ ಅವರ ಆಸೆ. ನೀವೂ ಬೈಹುಲ್ಲು, ಅಡಿಕೆ ಹಾಳೆ, ಜೇಡಿಮಣ್ಣು ತಂದಿಡಿ. ನಾನೇ ಒಂದು ವರ್ಷ, ಹೊತ್ತಾಯಿತು ಎಂದು ಹುಡುಗನೊಬ್ಬನ ಕೈಯಿಂದ ಮಣ್ಣು ತೆಗೆದುಕೊಂಡು ಕುರಿ ಮಾಡಿಕೊಟ್ಟೆ. ಆಮೇಲೆ ಆ ಮಗು ತನ್ನ ಕುರಿಯ ಕಡೆ ತಿರುಗಿಯೂ ನೋಡಲಿಲ್ಲ. ಆ ತಪ್ಪು ನೀವು ಮಾಡಬೇಡಿ. ಕಾಲು ಸೊಟ್ಟಗಿದ್ದರೂ ಕುರಿ ಅವನದೇ ಆಗಿರಲಿ. ಮಗು ಗಂಟೆಗಟ್ಟಲೆ ಮಾಡಿದ್ದನ್ನು ನಿಮ್ಮ ಒಂದು ಮುಖ ಸಿಂಡರಿಕೆ ಕೆಡಿಸೀತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಇನ್ನು ನಿಮ್ಮ ತರಗತಿಯಲ್ಲಿ ಎಲ್ಲರೂ ಕ್ರೈಸ್ತ ಮಕ್ಕಳಲ್ಲ, ಎಷ್ಟೋ ಕಡೆ ಬೇರೆಯವರೇ ಹೆಚ್ಚು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಹೆತ್ತವರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೆಯ ವಿಧಿಯೇ ಹೇಳುತ್ತದೆ. ಧರ್ಮೋಪದೇಶದ ಪಾಠ ಅದರ ಹೊತ್ತಿನಲ್ಲಿ ನಡೆಯಲಿ. ಬಿತ್ತುವುದು, ಅಳೆಯುವುದು, ಎಣಿಸುವುದು, ಮಣ್ಣು ಮಿದಿಯುವುದು ಎಲ್ಲ ಮಕ್ಕಳಿಗೂ ಸೇರಿದ್ದು. ಯಾರನ್ನೂ ಮೂಲೆಯಲ್ಲಿ ಸುಮ್ಮನೆ ಕೂರಿಸಬೇಡಿ.

ಕೊನೆಗೆ ಕೆಲವು ಚಿಕ್ಕ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚಿ, ಸಾಮಾನಿಗಾಗಿ ಮನೆಯವರಿಂದ ದುಡ್ಡು ಕೇಳಬೇಡಿ. ತಂದೆ-ತಾಯಿ ಮಾಡಿಕೊಟ್ಟ ಮಾದರಿಗೆ ಬಹುಮಾನ ಕೊಡಬೇಡಿ. ಮಕ್ಕಳು ಕೆಲಸ ಮಾಡುವಾಗ ಗದ್ದಲವಾದರೆ ಸಿಸ್ಟರ್ ಏನಂದಾರು ಎಂದು ಹೆದರಬೇಡಿ, ಮೊದಲೇ ಹೋಗಿ ಹೇಳಿಬಿಡಿ. ಮುಗಿದ ಮೇಲೆ ಗುಡಿಸುವುದು, ಕೈ ತೊಳೆಯುವುದು ಮಕ್ಕಳದೇ ಕೆಲಸ, ಆಯಾಳದಲ್ಲ. ಗಂಡುಮಕ್ಕಳ ಕೈಗೂ ಪೊರಕೆ ಕೊಡಿ.

ನಾಳೆಯೇ ಶುರು ಮಾಡಿ. ಗೆರಟೆ ನಿಮ್ಮ ಮನೆಯ ಬಚ್ಚಲೊಲೆಯ ಪಕ್ಕದಲ್ಲೇ ಬಿದ್ದಿದೆ, ಹೆಸರುಕಾಳು ಅಡುಗೆಮನೆಯ ಡಬ್ಬಿಯಲ್ಲಿದೆ. ಗಟ್ಟಿ ಮಣ್ಣಿನ ಗೆರಟೆ ಯಾವ ಗುಂಪಿನಲ್ಲಿ ಯಾವ ಮಗುವಿನ ಪಾಲಿಗೆ ಬಂತು ಎಂದು ಬರೆದಿಟ್ಟುಕೊಳ್ಳಿ. ಎರಡನೆಯ ಸಲ ಬಿತ್ತುವಾಗ ಕಾಳನ್ನು ಮೊದಲು ಆ ಮಗುವಿನ ಅಂಗೈಗೇ ಹಾಕಿ.