ಸೂಪೇ ಊಟವಾಗಲಿ

ಜೋಗುಪಾಳ್ಯ



ಈ ವಯಸ್ಸಿಗೇ ಶುಗರ್ ಬಂತು, ಡಾಕ್ಟರು ಪಿಷ್ಟ ತಗ್ಗಿಸು ಅಂದರು, ಹಾಟ್ ಆ್ಯಂಡ್ ಸೋರ್ ಸೂಪ್ ಬಿಟ್ಟು ಹೇಗಿರಲಿ ಅತ್ತೆ ಅಂತ ಗೋಳಾಡಿದ್ದೀಯ. ಬಿಡಬೇಡ. ಆದರೆ ಲೆಕ್ಕ ಸರಿಯಾಗಿ ಹಾಕು. ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್‌ನಲ್ಲಿ ಇರುವುದು ಸುಮಾರು 7 ಗ್ರಾಂ ಪಿಷ್ಟ. ಸೂಪಿನ ಹಿಂದೆಯೇ ನೀನು ತರಿಸುವ ಫ್ರೈಡ್ ರೈಸ್ ಇದೆಯಲ್ಲ, ಅದರಲ್ಲಿ ಪ್ರತಿ 100 ಗ್ರಾಂ ಅನ್ನಕ್ಕೆ ಸುಮಾರು 28 ಗ್ರಾಂ! ಕಳ್ಳ ಇರುವುದು ಪ್ಲೇಟಿನಲ್ಲಿ, ಬಟ್ಟಲಲ್ಲಲ್ಲ. ಆದ್ದರಿಂದ ಸೂಪನ್ನು ಊಟಕ್ಕೆ ಮುನ್ನುಡಿ ಮಾಡಿಕೊಳ್ಳಬೇಡ, ಅದನ್ನೇ ಊಟ ಮಾಡಿಕೊ.

ಹಾಗಂತ ಬಟ್ಟಲಿನ ಆ ಕೊಂಚ ಕಾರ್ನ್‌ಫ್ಲೋರ್ ಕೂಡ ಬೇಡ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಆದೇಶ ಮಾಡಿತು. ಕಾರ್ನ್‌ಫ್ಲೋರ್‌ಗೆ ಅಂಥ ಆದೇಶ ಬರುವುದಿಲ್ಲ. ಅದನ್ನು ನಿನ್ನ ಒಲೆಯ ಮುಂದೆ ನೀನೇ ಹೊರಡಿಸಬೇಕು.

ಚೀನಾದ ಮೂಲ ಸೂಪಿಗೆ ಖಾರ ಬರುವುದು ಬಿಳಿ ಮೆಣಸಿನಿಂದ, ಹುಳಿ ವಿನೆಗರ್‌ನಿಂದ. ಹಸಿಮೆಣಸಿನಕಾಯಿ, ಚಿಲ್ಲಿ ಸಾಸ್ ಎಲ್ಲ ನಮ್ಮ ದೇಶದ ಚೈನೀಸ್ ಅಡುಗೆಯ ಸೇರ್ಪಡೆ. ಆ ಅಡುಗೆಯ ತವರು ಕಲ್ಕತ್ತೆ. ಅದರ ಹತ್ತಿರ ಮೊದಲು ಬಂದು ನೆಲೆಸಿದ ಚೀನೀಯನೆಂದು ಹೆಸರಾದ ಟಾಂಗ್ ಅಚ್ಯೂ, ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ, ಬಂದದ್ದು ಕಬ್ಬು ಬೆಳೆದು ಸಕ್ಕರೆ ಮಾಡಲು. ನಿನ್ನ ಕಷ್ಟ ನೋಡಿದ್ದರೆ ಏನನ್ನುತ್ತಿದ್ದನೋ.

ಇಬ್ಬರಿಗಾಗುವಷ್ಟು ಮಾಡು, ಮಾರನೆಯ ದಿನಕ್ಕೂ ಬಂತು. ಕೋಳಿ ಮೂಳೆಯನ್ನು ಶುಂಠಿ, ಈರುಳ್ಳಿ ಸೊಪ್ಪಿನ ಬಿಳಿ ಭಾಗದ ಜೊತೆ ಸಣ್ಣ ಉರಿಯಲ್ಲಿ ಕುದಿಸಿ ಮುಕ್ಕಾಲು ಲೀಟರ್ ಸಾರ ಇಳಿಸು. ಮಾಂಸ ಬೇಡದ ದಿನ ಒಣ ಅಣಬೆ ನೆನೆಸಿದ ನೀರೇ ಸಾಕು, ಚೆಲ್ಲಬೇಡ. ಇನ್ನೂರು ಗ್ರಾಂ ತೋಫು, ಅಣಬೆ, ಕಳಲೆ ಉದ್ದುದ್ದ ಸೀಳಿ ಹಾಕು. ಮಳೆಗಾಲದಲ್ಲಿ ಮಲೆನಾಡಿನವರು ಯಾರಾದರೂ ಹಸಿ ಕಳಲೆ ತಂದುಕೊಟ್ಟರೆ ಹಾಗೇ ಹಾಕಬೇಡ. ಅದರಲ್ಲಿ ವಿಷದ ಅಂಶವಿದೆ. ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿ ನೀರು ಬಸಿದ ಮೇಲೆ ಬಳಸು. ತೋಫು ಬದಲು ಪನ್ನೀರ್ ಹಾಕಬಹುದು, ನನಗೆ ಹಿಡಿಸುವುದಿಲ್ಲ.

ಸೋಯಾ ಸಾಸ್ ಒಂದು ದೊಡ್ಡ ಚಮಚ ದಾಟದಿರಲಿ. ಅಷ್ಟರಲ್ಲೇ ಸುಮಾರು 900 ಮಿಲಿಗ್ರಾಂ ಸೋಡಿಯಂ ಇದೆ, ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದು 2000ಕ್ಕಿಂತ ಕಡಿಮೆ. ಬೇರೆ ಉಪ್ಪು ರುಚಿ ನೋಡಿ ಹಾಕು.

ಈಗ ಗಟ್ಟಿ ಮಾಡುವ ಮಾತು. ಹಿಟ್ಟಿಲ್ಲದಿದ್ದರೆ ಮೊಟ್ಟೆಯ ಎಳೆ ತಳ ಸೇರುತ್ತದೆ, ಸೂಪು ನೀರುನೀರು. ಅದಕ್ಕೆ ಗ್ವಾರ್ ಗಮ್ ತಂದಿಡು. ನೀನು ಚಿಕ್ಕಂದಿನಿಂದ ಮೂಗು ಮುರಿಯುವ ಗೋರಿಕಾಯಿಯ ಬೀಜದಿಂದ ತೆಗೆಯುವ ಪುಡಿ ಅದು, ಹೆಚ್ಚು ಬೆಳೆಯುವುದು ರಾಜಸ್ಥಾನದಲ್ಲಿ. ಬಹುಪಾಲು ನಾರು. ಕಾಲು ಟೀ ಚಮಚವನ್ನು ಎಣ್ಣೆಯಲ್ಲಿ ಕಲಸಿ, ತಿರುವುತ್ತ ಬಿಡು. ನೇರ ಸುರಿದರೆ ಗಂಟಾಗುತ್ತದೆ, ಹೆಚ್ಚಾದರೆ ಲೋಳೆ. ಇದೊಂದರಲ್ಲಿ ಕೈ ಬಿಗಿ ಇರಲಿ.

ಆಮೇಲೆ ಉರಿ ತಗ್ಗಿಸಿ, ಸೂಪನ್ನು ಒಂದೇ ದಿಕ್ಕಿಗೆ ತಿರುವಿ, ಎರಡು ಮೊಟ್ಟೆ ಕದಡಿದ್ದನ್ನು ಸಣ್ಣ ಧಾರೆಯಾಗಿ ಬಿಡು. ಕೂಡಲೇ ಕಲಕಬೇಡ. ವಿನೆಗರ್ ಎರಡು ದೊಡ್ಡ ಚಮಚ, ಆಗಷ್ಟೇ ಪುಡಿ ಮಾಡಿದ ಬಿಳಿ ಮೆಣಸು ಒಂದು ಟೀ ಚಮಚ. ಎರಡೂ ಒಲೆ ಆರಿಸಿದ ಮೇಲೆ, ಕುದಿಸಿದರೆ ಘಾಟು ಹಾರಿಹೋಗುತ್ತದೆ. ಬಿಳಿ ಮೆಣಸೆಂದರೆ ನಮ್ಮ ಕರಿಮೆಣಸೇ, ಸಿಪ್ಪೆ ಕಳೆದದ್ದು. ಇಲ್ಲದಿದ್ದರೆ ಕರಿಯದೇ ಆಗಲಿ.

ಸ್ವೀಟ್ ಕಾರ್ನ್ ಸೂಪ್ ಮಾತ್ರ ಮರೆತುಬಿಡು. ಕಾಳೂ ಪಿಷ್ಟ, ಗಟ್ಟಿ ಮಾಡಿದ ಹಿಟ್ಟೂ ಪಿಷ್ಟ, ಅದನ್ನು ಉದ್ಧಾರ ಮಾಡಲು ನನ್ನಿಂದಾಗದು.

ಒಂದು ಮಾತು ಕಡ್ಡಾಯ. ನೀನು ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ರಾತ್ರಿಯ ಅನ್ನ ಬಿಟ್ಟು ಬರೀ ಸೂಪ್ ಕುಡಿಯುವ ಮೊದಲು ಡಾಕ್ಟರಿಗೆ ತಿಳಿಸು. ಔಷಧ ಅಷ್ಟೇ ಇದ್ದು ಪಿಷ್ಟ ಥಟ್ಟನೆ ಇಳಿದರೆ ಸಕ್ಕರೆ ಅಪಾಯಕ್ಕೆ ಇಳಿಯಬಹುದು. ಈ ವಾರವೇ ಹೋಗಿ ಕೇಳು.

ಇಂತು,
ನಿನ್ನ ಅತ್ತೆ